ಬೇರೆ ಹೆಸರು

ವಿಶ್ವವಿದ್ಯಾಲಯದಲ್ಲಿ ಅಂದು 'ಎಲ್ಲರನ್ನೂ ಒಳಗೊಳ್ಳುವ ದಿನ'ದ ಸಡಗರ. ಪ್ರತಿಯೊಬ್ಬರ ದನಿಯೂ ಮುಖ್ಯವೆಂದು ಕುಲಪತಿ ಮೇಡಂ ವೇದಿಕೆಯ ಮೇಲೆ ಒಂದು ಗಂಟೆ ಹೊತ್ತಿನಿಂದ ಹೇಳುತ್ತಲೇ ಇದ್ದರು. ಸಭಾಂಗಣದ ಬಾಗಿಲ ಬಳಿ ಸಂಶೋಧನಾ ವಿದ್ಯಾರ್ಥಿನಿ ಹರ್ಷಿಣಿ, ಕಸ ಗುಡಿಸುವ ದೊಡ್ಡತಾಯಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಕಷ್ಟಸುಖ ಬರೆದುಕೊಳ್ಳುತ್ತಿದ್ದಳು. ಪ್ರಬಂಧಕ್ಕೆ ಬೇಕಿದ್ದ ಕೊನೆಯ ಸಂದರ್ಶನ ಅದು. ಹುಡುಗಿಗೆ ಖುಷಿಯೋ ಖುಷಿ.

"ಹನ್ನೊಂದು ವರ್ಷ ಆಯ್ತು ಕಣವ್ವ, ನಮ್ಗೆ ಸೀರೆ ಬದಲಾಯ್ಸೋಕೆ ಒಂದು ರೂಮಿಲ್ಲ. ಮೂರು ಅರ್ಜಿ ಕೊಟ್ಟೆ. ಯಾರೂ ತೆಗ್ದು ಕೂಡ ಓದ್ನಿಲ್ಲ."

"ಇದನ್ನ ಖಂಡಿತ ಬರೀತೀನಮ್ಮ. ನಿಮ್ಮ ನಿಜವಾದ ಹೆಸರು ಮಾತ್ರ ಹಾಕೋ ಹಾಗಿಲ್ಲ, ನಿಮಗೆ ತೊಂದರೆ ಆಗಬಾರದು ಅಂತ ನಿಯಮ. ಬೇರೆ ಹೆಸರು ನೀವೇ ಹೇಳಿ."

"ಯಾವ್ದು ಬೇಕಾದ್ರೂ ಆಯ್ತದಾ?"

"ಯಾವುದಾದ್ರೂ ಸರಿ."

ಮೊಮ್ಮಗಳ ಹೆಸರೋ, ಮನೆದೇವರ ಹೆಸರೋ ಬರಬಹುದೆಂದು ಹರ್ಷಿಣಿ ಪೆನ್ನು ಹಿಡಿದು ಕಾದಳು. ದೊಡ್ಡತಾಯಮ್ಮ ಬಾಗಿಲಿಂದ ಇಣುಕಿ ವೇದಿಕೆಯತ್ತ ನೋಡಿದಳು.

"ಅಲ್ಲಿ ಮಾತಾಡ್ತಾವ್ರಲ್ಲ, ಆ ದೊಡ್ಡ ಮೇಡಮ್ಮೋರ ಹೆಸ್ರೇ ಬರ್ಕೊ. ತಮ್ ಹೆಸ್ರು ಕಂಡ್ರಾದ್ರೂ ಪೂರ್ತಿ ಓದ್ತಾರೆ."