ಪ್ಲಗ್ಗಿನ ಮೇಲಿದ್ದ ಕೈ

ಕಂಪ್ಯೂಟರಿನ ಪರದೆ ಕಪ್ಪಾದದ್ದೇ ತಡ, ಅಕ್ಕನ ಕೈ ಪ್ಲಗ್ಗಿನ ಮೇಲಿತ್ತು. ಮಕ್ಕಳ ಪುಸ್ತಕಕ್ಕೆಂದು ಬೆಳಗಿನಿಂದ ಬಿಡಿಸಿದ ಆನೆ ಇನ್ನೂ ಸೇವ್ ಆಗಿರಲಿಲ್ಲ. ಹೀಗಾದಾಗಲೆಲ್ಲ ಅರ್ಥವಾಗದ ಅಂಕಿಗಳ ಸಾಲಿಗೆ ಹೆದರಿ ಪ್ಲಗ್ ಕಿತ್ತು, ಚಿತ್ರವನ್ನು ನೀರುಪಾಲು ಮಾಡುವುದು ಅವಳ ಪದ್ಧತಿ.

ಈ ಸಲ ಪರದೆಯ ಮೇಲೆ ಅಂಕಿಗಳ ಬದಲು ಕನ್ನಡದ ಮಾತು ಬಂತು. ಅಕ್ಕ ಮೂಗಿನಲ್ಲಿ ರಾಗ ಎಳೆದು ಓದಿದಳು: "ಗ್ರಾಫಿಕ್ಸ್ ಡ್ರೈವರ್: ಚಿತ್ರ ತೋರಿಸುವ ಭಾಗ ಮಾತ್ರ ನಿಂತಿದೆ. ನಿಮ್ಮ ಕೆಲಸ ಭದ್ರವಾಗಿದೆ. ಆಫ್ ಮಾಡದೆ ಸ್ವಲ್ಪ ಕಾಯಿರಿ. " ಆಗಷ್ಟೇ ಒಳಬಂದ ತಮ್ಮನತ್ತ ತಿರುಗಿ, "ಲೋ, ಇವ್ನು ಡ್ರೈವರ್ರೋ ಕಂಡಕ್ಟರ್ರೋ?" ಎಂದಳು.

ಡ್ರೈವರ್ ಎಂಬ ಆ ತಂತ್ರಾಂಶಕ್ಕೆ ಆ ಸಾಲು ಬರೆದವನು ಆ ತಮ್ಮನೇ. ಬರೆದು ಕಳಿಸಿದ್ದು ಯಾರ ಮನೆ ಮುಟ್ಟುತ್ತದೆಂದು ಅವನು ಎಂದೂ ಕಂಡಿರಲಿಲ್ಲ. ಅಕ್ಕನ ಬೆರಳುಗಳು ಒಂದೊಂದಾಗಿ ಪ್ಲಗ್ಗನ್ನು ಬಿಟ್ಟವು. ಪರದೆ ಬೆಳಗಿತು. ಆನೆ ಬಾಲದ ಸಮೇತ ನಿಂತಿತ್ತು.

"ಯಾವ ಪುಣ್ಯಾತ್ಮ ಬರೆದ್ನೋ, ಅವನ ಹೊಟ್ಟೆ ತಣ್ಣಗಿರ್ಲಿ," ಎಂದಳು ಅಕ್ಕ.

ಪುಣ್ಯಾತ್ಮ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ.