ತಪ್ಪು ಆದೇಶ

“ತಪ್ಪು ಆದೇಶ” ಎಂದು ಕಂಪ್ಯೂಟರ್ ತೋರಿಸಿದ ಕೂಡಲೇ ವೆಂಕಟರಾಮಪ್ಪ ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು. ಗಾಂಧಿ ಬಜಾರಿನ ಅವರ ತರಕಾರಿ ಅಂಗಡಿಗೆಂದು ಮಗಳು ಹರಿಣಾಕ್ಷಿ ಬರೆದ ಪ್ರೋಗ್ರಾಂ ಅದು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ನಾಳೆ ಇಂಟರ್‌ನೆಟ್ಟಿಗೆ ಹಾಕುವವಳಿದ್ದಳು. ತರಕಾರಿಯ ಹೆಸರು ಬರೆಯಿರಿ ಎಂದರೆ ಅಪ್ಪ ಬರೆದದ್ದು ‘ಶ್ರೀ’.

“ಶ್ರೀ ಬರೀದೆ ಹೆಂಗಮ್ಮ ಶುರು ಮಾಡೋದು? ಅದ್ರಲ್ಲೇನು ತಪ್ಪು?”

ಜನ ಮಾಡಬಹುದಾದ ತಪ್ಪುಗಳನ್ನೆಲ್ಲ ಯೋಚಿಸಿಟ್ಟಿದ್ದ ಹರಿಣಾಕ್ಷಿಗೆ ಇದು ತಪ್ಪೋ ಅಲ್ಲವೋ ತಿಳಿಯಲಿಲ್ಲ. ಕೊನೆಗೆ ಪ್ರೋಗ್ರಾಂ ತೆರೆದು, ‘ತಪ್ಪು ಆದೇಶ’ ಎಂಬ ಎರಡು ಪದ ಅಳಿಸಿ ಬೇರೇನೋ ಬರೆದಳು. “ಇನ್ನೊಂದ್ಸಲ ಬರೀರಿ ಅಪ್ಪ.”

ಅವರು ಅಳುಕುತ್ತಲೇ ಮತ್ತೆ ‘ಶ್ರೀ’ ಬರೆದರು. “ನನಗೆ ಅರ್ಥವಾಗಲಿಲ್ಲ” ಎಂದಿತು ಕಂಪ್ಯೂಟರ್.

ವೆಂಕಟರಾಮಪ್ಪ ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆದುಕೊಂಡರು.

“ನಂಗೂ ಅಷ್ಟೇ ಕಣಪ್ಪ” ಎಂದರು.