ಚಿಮಣಿಯ ಎಡಗಡೆ ಬಲ್ಬು

ಸ್ವಿಚ್ ಆರಿಸಿ ಅವಳು ಸ್ಟೂಲ್ ಹತ್ತಿದಳು. ಒಲೆಯ ಮೇಲಿನ ಚಿಮಣಿಯಲ್ಲಿ ಎರಡು ಬಲ್ಬುಗಳು. ಎಡಗಡೆಯದು ಬೆಳಗಿನಿಂದ ಮುನಿಸಿಕೊಂಡು ಕೂತಿತ್ತು. ಅದನ್ನು ಮಾತ್ರ ಮುಟ್ಟಬಾರದೆಂದು ಮನೆಯೊಡತಿಯ ಕಟ್ಟಪ್ಪಣೆ ಇತ್ತು. ಆದರೆ ಒಡತಿ ತಂಗಿಯ ಮನೆಗೆ ಹೋಗಿದ್ದಳು, ಬರುವುದು ಸಂಜೆಗೆ. ಅಷ್ಟರಲ್ಲಿ ಸರಿಮಾಡಿಟ್ಟರೆ ಖುಷಿಪಟ್ಟಾಳು ಎಂದುಕೊಂಡಳು.

ಆ ಮನೆಯಲ್ಲಿ ಅವಳು ಅಡುಗೆಗೆ ನಿಂತು ಹನ್ನೊಂದು ವರ್ಷ. ಒಡತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಇತ್ತೀಚೆಗಂತೂ ಅಕ್ಕನ ಅಕ್ಕರೆ ಹೇಳತೀರದು. ಅಡುಗೆಯವಳ ಕಣ್ಣಿಗೆ ಆಯಾಸವಾಗಬಾರದೆಂದು ಆ ಬಿಳಿ ಬೆಳಕಿನ ಬಲ್ಬನ್ನು ತಾನೇ ತಂದು ಹಾಕಿದ್ದಳು. ಬರಿಗೈ ಚೆನ್ನಾಗಿ ಕಾಣುವುದಿಲ್ಲವೆಂದು ತನ್ನ ನೀಲಿ ಕಲ್ಲಿನ ಉಂಗುರವನ್ನೇ ಬಿಚ್ಚಿ ತೊಡಿಸಿದ್ದಳು. ಒಲೆಯ ಮುಂದೆ ಮಾತಾಡಿದರೆ ಗದರುತ್ತಿದ್ದಳು, ಅದೂ ಪ್ರೀತಿಯಿಂದ.

ಎಡಗಡೆಯದನ್ನು ಬಿಚ್ಚಿ ಬಲಗಡೆಯ ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಿ ನೋಡಿದಳು. ಹತ್ತಲಿಲ್ಲ. ಬಲಗಡೆಯದನ್ನು ಎಡಕ್ಕೆ ಹಾಕಿದಳು. ಝಗ್ಗನೆ ಹತ್ತಿತು. ಹಾಗಾದರೆ ವೈರು, ಹೋಲ್ಡರು ಎಲ್ಲ ಸರಿಯಿದೆ, ಕೆಟ್ಟಿರುವುದು ಬಲ್ಬೇ. ಜಿಡ್ಡು ಒರೆಸಿ ಅದನ್ನು ಚೀಲಕ್ಕೆ ಹಾಕಿಕೊಂಡು, ಅಂಥದ್ದೇ ಇನ್ನೊಂದನ್ನು ತರಲು ಮೂಲೆಯ ಎಲೆಕ್ಟ್ರಿಕ್ ಅಂಗಡಿಗೆ ಹೊರಟಳು.

ದಾರಿಯುದ್ದಕ್ಕೂ ಹೋದ ವಾರದ ಸಂಗತಿ ಕೊರೆಯುತ್ತಿತ್ತು. ದೊಡ್ಡ ಹೋಟೆಲ್ಲಿನಲ್ಲಿ ಮುಖ್ಯ ಅಡುಗೆಯವಳ ಕೆಲಸ. ಜೀವಮಾನದಲ್ಲಿ ಅವಳು ಆಸೆಪಟ್ಟಿದ್ದು ಅದೊಂದಕ್ಕೇ. ಪರೀಕ್ಷೆಗೆಂದು ಅಮ್ಮನ ಮೀನಿನಡುಗೆ ಮಾಡಿದ್ದಳು. ಸುಟ್ಟ ಈರುಳ್ಳಿಯನ್ನು ಕೊನೆಯಲ್ಲಿ ಹಿಂಡುವ ಗುಟ್ಟನ್ನು ಅಮ್ಮ ಸಾಯುವ ಮುಂಚೆ ಅವಳೊಬ್ಬಳಿಗೇ ಹೇಳಿದ್ದು. ಅವಳು ಈರುಳ್ಳಿ ಹಿಂಡುವುದನ್ನು ನೋಡಿದ್ದೇ ತಡ, ಹೋಟೆಲ್ ಯಜಮಾನ ಚಮಚ ಕೆಳಗಿಟ್ಟ.

"ಕೈ ಶುದ್ಧ ಇಲ್ದೋರು ನಮಗೆ ಬೇಡಮ್ಮ" ಅಂದ.

ಯಾರೋ ಚಾಡಿ ಹೇಳಿದ್ದಾರೆಂದು ಅವಳು ಅಕ್ಕನ ಮುಂದೆ ಗೊಳೋ ಎಂದು ಅತ್ತಿದ್ದಳು. ಅಕ್ಕ ತಲೆ ನೇವರಿಸಿ, ಹೋದರೆ ಹೋಗಲಿ, ನಾನಿಲ್ಲವೇ ಎಂದಿದ್ದಳು.

ಅಂಗಡಿಯವ ಬಲ್ಬನ್ನು ತಿರುಗಿಸಿ ನೋಡಿದ. ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದ.

"ಇದು ಬರೀ ಬಲ್ಬಲ್ಲಮ್ಮ. ಒಳಗೆ ಕ್ಯಾಮೆರಾ ಇದೆ."

ಅವಳು ಬಲ್ಬನ್ನು ಕಿತ್ತುಕೊಂಡು ನೋಡಿದಳು. ಹನ್ನೊಂದು ವರ್ಷದಲ್ಲಿ ಒಂದು ಚಮಚ ಎಣ್ಣೆ ಮನೆಗೆ ಒಯ್ದವಳಲ್ಲ. ಈಗ ಎಲ್ಲ ಅರ್ಥವಾಯಿತು. ಅಕ್ಕನ ಲೆಕ್ಕದಲ್ಲಿ ಅವಳು ಕಳ್ಳಿ. ಹೋಟೆಲ್ಲಿನವನ ಕಿವಿಗೂ ಅದನ್ನೇ ಊದಿದ್ದಾಳೆ. ಆಮೇಲೆ ತಲೆ ಬೇರೆ ನೇವರಿಸಿದ್ದಾಳೆ. ಈ ಹಾಳು ಉಂಗುರವನ್ನು ಅವಳ ಮುಖಕ್ಕೇ ಎಸೆಯಬೇಕೆಂದು ಬೆರಳಿನಿಂದ ಎಳೆಯತೊಡಗಿದಳು.

ಅಂಗಡಿಯವ ಆ ಬೆರಳನ್ನೇ ನೋಡುತ್ತಿದ್ದ. "ಈ ಉಂಗುರ ಎಲ್ಲೋ ನೋಡಿದೀನಲ್ಲ" ಎಂದು ಗಲ್ಲಾದ ಮೇಲಿದ್ದ ಮೊಬೈಲ್ ಎತ್ತಿಕೊಂಡ. ತನ್ನ ಹೆಂಡತಿ ದಿನಾ ಈ ಅಡುಗೆ ವಿಡಿಯೋ ನೋಡಿಯೇ ಒಲೆ ಹಚ್ಚುವುದು, ಊರಿಗೆ ಊರೇ ನೋಡುತ್ತದೆ ಎನ್ನುತ್ತ ಹುಡುಕಿ, ಪರದೆಯನ್ನು ಅವಳತ್ತ ತಿರುಗಿಸಿದ.

ಬಿಳಿ ಬೆಳಕು, ನೀಲಿ ಉಂಗುರ, ಸುಟ್ಟ ಈರುಳ್ಳಿ ಹಿಂಡುವ ಅವಳದೇ ಕೈಗಳು, ಆಮೇಲೆ ಅಕ್ಕನ ನಗುಮುಖ: "ಈ ಗುಟ್ಟು ನಮ್ಮಮ್ಮ ಸಾಯೋ ಮುಂಚೆ ನನಗೊಬ್ಬಳಿಗೇ ಹೇಳಿದ್ದು."